ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಗಾಂಧಿ ಹತ್ತು ರೂಪಾಯಿ: ತೊಳೆಯಬಹುದಾ?

ಪೆರ್ಲದವನು
ಎಲ್ಲರಿಗೂ ನಮಸ್ಕಾರ. ಪೆರ್ಲದ ಹತ್ತಿರ ನಮ್ಮ ಹಳೇ ಮನೆ. ಅಜ್ಜ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಈ ಸಲ ಮಳೆ ಹಿಡಿಯುವ ಮೊದಲು ಮಾಡಿನ ಹಂಚು ಇಳಿಸಿ ಪಕ್ಕಾಸು ಬದಲಿಸಬೇಕು ಅಂತ ಅಟ್ಟ ಖಾಲಿ ಮಾಡುತ್ತಿದ್ದೇವೆ. ಅಲ್ಲಿ ಅಜ್ಜನ ಮರದ ಪೆಟ್ಟಿಗೆ ಸಿಕ್ಕಿತು. ಮೇಲೆಲ್ಲ ಅಡಿಕೆ ಮಾರಿದ ಚೀಟಿಗಳು, ತೀರುವೆ ರಶೀದಿಗಳು. ಅಡಿಯಲ್ಲಿ ಬಿಳಿ ಬಟ್ಟೆಯ ಸಣ್ಣ ಗಂಟು. ಬಿಚ್ಚಿದರೆ ಮೂರು ದೊಡ್ಡ ನಾಣ್ಯ, ಒಂದರ ಮೇಲೆ ಒಂದು ಇಟ್ಟು ರಬ್ಬರ್ ಬ್ಯಾಂಡ್ ಹಾಕಿದ್ದು. ರಬ್ಬರ್ ಕರಗಿ ಅಂಟಿಕೊಂಡಿತ್ತು, ಮುಟ್ಟಿದರೆ ಪುಡಿಪುಡಿ.

ಮೂರೂ ಒಂದೇ ತರದ್ದು. ಒಂದು ಬದಿಯಲ್ಲಿ ಗಾಂಧೀಜಿಯ ಮುಖ, 1869-1948 ಅಂತ ಇದೆ. ಇನ್ನೊಂದು ಬದಿ ಸಿಂಹದ ಲಾಂಛನ, 10 ರೂಪಾಯಿ. ಮೇಲಿನ ನಾಣ್ಯದಲ್ಲಿ ಗಾಂಧೀಜಿಯ ಕೆನ್ನೆಯ ಮೇಲೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಅಡಿಯದರಲ್ಲೂ ಸಿಂಹದ ಮೇಲೆ ಹಾಗೇ ಪಟ್ಟಿ. ನಡುವಿನದ್ದು ಮಾತ್ರ ಚೆನ್ನಾಗಿದೆ, ಅಂಚಿನಲ್ಲಿ ಎರಡು ಚುಕ್ಕೆ ಬಿಟ್ಟರೆ.

ಇದು ಬೆಳ್ಳಿಯಾ? 1948ರದ್ದಾ? ಅಮ್ಮ ಹುಣಸೆಹುಳಿ ಹಾಕಿ ತಿಕ್ಕಿದರೆ ಫಳಫಳ ಆಗುತ್ತದೆ ಅಂತಾರೆ. ತಿಕ್ಕಬಹುದಾ? ಗೊತ್ತಿದ್ದವರು ಹೇಳಿ.

ಕುಂಬಳೆ ಬೆಳ್ಳಿ ಕೆಲಸ
ದಯವಿಟ್ಟು ತಿಕ್ಕಬೇಡಿ. ಅಮ್ಮನಿಗೂ ಹೇಳಿ. ಹುಳಿ, ವಿಭೂತಿ, ಟೂತ್‌ಪೇಸ್ಟ್ ಏನೂ ಬೇಡ. ಸಂಜೆ ಅಂಗಡಿ ಬಾಗಿಲು ಹಾಕಿ ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಮೂರನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಇಡಿ, ಅಂಚಿನಲ್ಲಿ ಮಾತ್ರ ಹಿಡಿಯಿರಿ.

ನೀರ್ಚಾಲು ಮಾಷ್ಟ್ರು
ಪೆರ್ಲದವರೇ, ಓದಿ ತುಂಬ ಖುಷಿಯಾಯಿತು. ನಿಮ್ಮ ಕೈಯಲ್ಲಿರುವುದು ಸ್ವತಂತ್ರ ಭಾರತದ ಮೊದಲ ಬೆಳ್ಳಿಯ ಸ್ಮರಣಾರ್ಥ ನಾಣ್ಯ. ಮೊದಲ ಹತ್ತು ರೂಪಾಯಿ ನಾಣ್ಯವೂ ಅದೇ.

1948ರದ್ದಲ್ಲ. ಈ ತಪ್ಪು ಎಲ್ಲರೂ ಮಾಡುತ್ತಾರೆ. 1869 ಗಾಂಧೀಜಿ ಹುಟ್ಟಿದ ವರ್ಷ, 1948 ಅವರು ಹೋದ ವರ್ಷ. ಟಂಕಿಸಿದ ವರ್ಷ ನಾಣ್ಯದ ಮೇಲೆ ಇಲ್ಲವೇ ಇಲ್ಲ. ಹುಟ್ಟಿ ನೂರು ವರ್ಷ ಆದದ್ದು 1969ರ ಅಕ್ಟೋಬರ್ 2ಕ್ಕೆ. ಆ ಶತಮಾನೋತ್ಸವಕ್ಕೆ ನಾಲ್ಕು ನಾಣ್ಯ ಬಂದವು: 20 ಪೈಸೆ, 50 ಪೈಸೆ, 1 ರೂಪಾಯಿ, 10 ರೂಪಾಯಿ. ಇದರಲ್ಲಿ ಬೆಳ್ಳಿ ಇರುವುದು ಹತ್ತು ರೂಪಾಯಿಯಲ್ಲಿ ಮಾತ್ರ. ತೂಕ 15 ಗ್ರಾಂ, ಅಗಲ 34 ಮಿಲಿಮೀಟರ್, ನೂರಕ್ಕೆ 80 ಭಾಗ ಬೆಳ್ಳಿ. ಅಂದರೆ 12 ಗ್ರಾಂ ಶುದ್ಧ ಬೆಳ್ಳಿ.

ಒಂದು ರೂಪಾಯಿ ಮತ್ತು 50 ಪೈಸೆ ನಿಕ್ಕಲ್. ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟುತ್ತವೆ. 20 ಪೈಸೆ ಹಳದಿ ಬಣ್ಣದ್ದು, ಅಲ್ಯೂಮಿನಿಯಂ ಮತ್ತು ತಾಮ್ರ ಬೆರೆಸಿದ್ದು. ನಾವು ಸಣ್ಣವರಿದ್ದಾಗ ಅದರಲ್ಲಿ ಚಿನ್ನ ಇದೆ ಅಂತ ಮಾತಿತ್ತು. ನನ್ನ ಜೊತೆ ಓದುತ್ತಿದ್ದ ಹುಡುಗರು ಕಲ್ಲಿಗೆ ಉಜ್ಜಿ ಉಂಗುರ ಮಾಡಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ.

ಇದಕ್ಕೆ ಮೊದಲು ಸ್ಮರಣಾರ್ಥ ನಾಣ್ಯ ಬಂದದ್ದು ಒಂದೇ ಸಲ. 1964ರ ಮೇ 27ರಂದು ನೆಹರೂ ತೀರಿಕೊಂಡರು, ಅದೇ ವರ್ಷ ಅವರ ಮುಖದ ಒಂದು ರೂಪಾಯಿ ಮತ್ತು 50 ಪೈಸೆ ಬಂದವು. ಅವು ನಿಕ್ಕಲ್. ಬೆಳ್ಳಿ ಯಾಕಿಲ್ಲ ಅಂತ ಕೇಳಿದರೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮ ಅಜ್ಜಂದಿರ ಕಾಲದ ರಾಣಿ ರೂಪಾಯಿ ಇತ್ತಲ್ಲ, 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಎಲ್ಲರ ರೂಪಾಯಿಯೂ ಹಾಗೇ. ಎರಡನೇ ಮಹಾಯುದ್ಧ ಬಂದಾಗ ಜನ ಬೆಳ್ಳಿ ರೂಪಾಯಿಯನ್ನು ಬಚ್ಚಿಡಲು ಶುರು ಮಾಡಿದರು. 1940ರಿಂದ ಸರಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು: 50 ಭಾಗ ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ಯುದ್ಧದ ಕಾಲದಲ್ಲಿ ಅಮೆರಿಕದಿಂದ ಸಾಲವಾಗಿ ತಂದ ಬೆಳ್ಳಿಯನ್ನು ತಿರುಗಿ ಕೊಡಬೇಕಿತ್ತು. ಹಾಗಾಗಿ 1947ರಲ್ಲಿ ರೂಪಾಯಿ ಪೂರ್ತಿ ನಿಕ್ಕಲ್ ಆಯಿತು. ಬೆಳ್ಳಿ ನಮ್ಮ ನಾಣ್ಯಗಳಿಂದ ಹೋಗಿಯೇ ಬಿಟ್ಟಿತು.

ಅದು ಮತ್ತೆ ಬಂದದ್ದು ಗಾಂಧೀಜಿಯ ಮುಖದೊಂದಿಗೆ. ಆಗ ನಮ್ಮ ಕಾಸರಗೋಡು ಕಣ್ಣಾನೂರು ಜಿಲ್ಲೆಯ ತಾಲೂಕು. ಜಿಲ್ಲೆ ಆದದ್ದು 1984ರಲ್ಲಿ. ನಿಮ್ಮ ಅಜ್ಜ ಈ ನಾಣ್ಯವನ್ನು ಎಲ್ಲಿಂದ ತಂದರು ಅಂತ ಪೆಟ್ಟಿಗೆಯ ಕಾಗದಗಳಲ್ಲಿ ಏನಾದರೂ ಇದೆಯಾ ನೋಡಿ. ಒಂದು ಚೀಟಿಯನ್ನೂ ಬಿಸಾಡಬೇಡಿ.

ಪೆರ್ಲದವನು
ಮಾಷ್ಟ್ರೇ, ಇಷ್ಟೆಲ್ಲ ಗೊತ್ತಿರಲಿಲ್ಲ. ತುಂಬ ಉಪಕಾರ. ಚೀಟಿಗಳನ್ನು ಹೊರಗೆ ಹಾಕಿದ್ದೆವು, ಈಗಲೇ ಒಳಗೆ ತಂದೆ. ಇನ್ನೊಂದು ಪ್ರಶ್ನೆ. ಇಸವಿಯ ಹತ್ತಿರ ಚೌಕವನ್ನು ಓರೆ ಮಾಡಿ ನಿಲ್ಲಿಸಿದ ಹಾಗೆ ಸಣ್ಣ ಗುರುತು ಇದೆ. ಮೂರರಲ್ಲೂ ಇದೆ. ಗೀರು ಬಿದ್ದದ್ದಾ?

ನೀರ್ಚಾಲು ಮಾಷ್ಟ್ರು
ಗೀರಲ್ಲ, ಅದು ಮುಂಬಯಿ ಟಂಕಸಾಲೆಯ ವಜ್ರದ ಗುರುತು. ಕಲ್ಕತ್ತೆಯವರು ಗುರುತು ಹಾಕುವುದಿಲ್ಲ. ಹೈದರಾಬಾದಿನದ್ದು ನಕ್ಷತ್ರ. ನೊಯ್ಡಾದ್ದು ಚುಕ್ಕೆ, ಆದರೆ ಆ ಟಂಕಸಾಲೆ ಶುರುವಾದದ್ದೇ 1988ರಲ್ಲಿ. ಗಾಂಧಿ ಹತ್ತು ರೂಪಾಯಿ ಮುಂಬಯಿ ಮತ್ತು ಕಲ್ಕತ್ತೆಯಲ್ಲಿ ಮಾತ್ರ ಆಯಿತು. ಮುಂಬಯಿಯದ್ದು ಧಾರಾಳ ಸಿಗುತ್ತದೆ. ಗುರುತಿಲ್ಲದ ಕಲ್ಕತ್ತೆಯದ್ದು ಅಪರೂಪ, ಬೆಲೆಯೂ ಜಾಸ್ತಿ. ಇನ್ನು ಕನ್ನಡಿಯ ಹಾಗೆ ಹೊಳೆಯುವ ಪ್ರೂಫ್ ನಾಣ್ಯದಲ್ಲಿ ವಜ್ರದ ಬದಲು ಇಂಗ್ಲಿಷಿನ ಬಿ ಅಕ್ಷರ ಇರುತ್ತದೆ. ಅದು ಸಂಗ್ರಹಕಾರರಿಗೆ ಅಂತಲೇ ಬೇರೆಯಾಗಿ ಮಾಡಿದ್ದು.

ಕುಂಬಳೆ ಬೆಳ್ಳಿ ಕೆಲಸ
ಈಗ ಪುರುಸೊತ್ತಾಯಿತು. ನಮ್ಮದು ಮೂರು ತಲೆಮಾರಿನಿಂದ ಬೆಳ್ಳಿ ಕೆಲಸದ ಮನೆ. ಅಪ್ಪನ ನಂತರ ಅಂಗಡಿಯಲ್ಲಿ ನಾನೇ ಕೂರುವುದು.

ಮೊದಲು ಆ ಕಪ್ಪು ಪಟ್ಟಿಯ ವಿಷಯ. ಅದು ರಬ್ಬರ್ ಬ್ಯಾಂಡಿನದ್ದೇ ಗುರುತು. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಬೆರೆಸುತ್ತಾರೆ. ನಿಮ್ಮ ಕಡೆ ರಬ್ಬರ್ ತೋಟ ಇದ್ದವರಿಗೆ ಗೊತ್ತಿರುತ್ತದೆ. ಗಂಧಕ ಬೆಳ್ಳಿಯನ್ನು ಮುಟ್ಟಿದರೆ ಬೆಳ್ಳಿ ಕಪ್ಪಾಗುತ್ತದೆ. ಬ್ಯಾಂಡು ಮೇಲಿನದರ ಮುಖ, ಅಡಿಯದರ ಬೆನ್ನು ಮುಟ್ಟಿತ್ತು. ನಡುವಿನದ್ದಕ್ಕೆ ಅಂಚು ಮಾತ್ರ ತಾಗಿತ್ತು. ಅದಕ್ಕೇ ಅಲ್ಲಿ ಎರಡು ಚುಕ್ಕೆ.

ತಿಕ್ಕಿದರೆ ಕಪ್ಪು ಹೋಗುತ್ತದೆ, ಸುಳ್ಳಲ್ಲ. ಆದರೆ ಕಪ್ಪಾದದ್ದು ಬೆಳ್ಳಿಯೇ ಅಲ್ವಾ, ಕಪ್ಪಿನ ಜೊತೆ ಆ ಬೆಳ್ಳಿಯೂ ಹೋಗುತ್ತದೆ. ಟಂಕಸಾಲೆಯ ಅಚ್ಚು ಬಿದ್ದಾಗ ನಾಣ್ಯದ ಮೈಮೇಲೆ ಕೂದಲೆಳೆಗಿಂತ ತೆಳುವಾದ ಗೆರೆಗಳು ಮೂಡುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಹೊಳಪು ಚಕ್ರದ ಹಾಗೆ ಸುತ್ತುವುದು ಅದರಿಂದಲೇ. ಒಂದು ಸಲ ಹುಣಸೆಹುಳಿ ಹಾಕಿ ತಿಕ್ಕಿದರೂ ಸಾಕು, ಆ ಸುತ್ತುವ ಹೊಳಪು ಸತ್ತು ಹೋಗುತ್ತದೆ. ಆಮೇಲೆ ಉಳಿಯುವುದು ಪಾತ್ರೆಯ ಹೊಳಪು. ನೋಡಿದ ಕೂಡಲೇ ಗೊತ್ತಾಗುತ್ತದೆ. ನಡುವಿನ ನಾಣ್ಯವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, ನಾನು ಹೇಳಿದ್ದು ಕಾಣುತ್ತದೆ.

ಅಂಟಿದ ರಬ್ಬರ್ ಪುಡಿ ಇದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಬೆಳಿಗ್ಗೆ ಮೆತ್ತಗಿನ ಹತ್ತಿಬಟ್ಟೆಯನ್ನು ಒತ್ತಿ ನೀರು ತೆಗೆಯಿರಿ. ಒತ್ತುವುದು ಅಷ್ಟೇ, ಒರೆಸುವುದಲ್ಲ.

ಈಗ ಬೆಳ್ಳಿಯೋ ಅಲ್ಲವೋ ಅಂತ ಮನೆಯಲ್ಲೇ ನೋಡುವ ಕ್ರಮ. ಕೆಲವರು ಉಜ್ಜಿ ಆಸಿಡ್ ಹಾಕುತ್ತಾರೆ. ನಾಣ್ಯಕ್ಕೆ ಅದು ಬೇಡವೇ ಬೇಡ. ನೀರಿನ ಲೆಕ್ಕ ಸಾಕು. ಎರಡು ದಶಮಾಂಶ ತೋರಿಸುವ ಸಣ್ಣ ತಕ್ಕಡಿ ಬೇಕು. ಮೊದಲು ನಾಣ್ಯ ತೂಗಿ. ಮತ್ತೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಹೊಲಿಗೆ ನೂಲು ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ಅಡಿಗೆ ತಾಗಬಾರದು, ಬದಿಗೂ ತಾಗಬಾರದು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ. 80 ಭಾಗ ಬೆಳ್ಳಿಯ ಗಾಂಧಿ ನಾಣ್ಯಕ್ಕೆ 10.1ರ ಹತ್ತಿರ ಬರಬೇಕು. ಅಂದರೆ ನೀರಿನಲ್ಲಿ ಸುಮಾರು 1.48 ಗ್ರಾಂ. ತಾಮ್ರ ನಿಕ್ಕಲ್ ಬೆರೆಸಿದ ನಕಲಿಯಾದರೆ 1.68 ತೋರಿಸುತ್ತದೆ. ನಕಲಿ ಮಾಡುವವರು ತೂಕ ಸರಿ ಮಾಡಬಹುದು, ಅಗಲ ಸರಿ ಮಾಡಬಹುದು. ನೀರಿನ ಲೆಕ್ಕ ತಪ್ಪಿಸುವುದು ಕಷ್ಟ.

ಅಕ್ಕಲಕೋಟೆಯಿಂದ
ಮಾಷ್ಟ್ರಿಗೂ ಕುಂಬಳೆ ಅಕ್ಕನವರಿಗೂ ಶರಣು. ನಾನು ಸೊಲ್ಲಾಪುರ ಜಿಲ್ಲೆಯವನು. ಇಲ್ಲಿಯೂ ಮನೆಮಾತು ಕನ್ನಡ, ಹೊರಗೆ ಮರಾಠಿ. ನನ್ನ ಸಂಗ್ರಹ ಶುರುವಾದದ್ದು ಒಂದೇ ನಾಣ್ಯದಿಂದ. 2006ರಲ್ಲಿ ಬಸವಣ್ಣನವರ ನಾಣ್ಯ ಬಂತು, 5 ರೂಪಾಯಿ ಮತ್ತು 100 ರೂಪಾಯಿ. ಐದು ರೂಪಾಯಿ ನನಗೆ ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ ಸಿಕ್ಕಿತು. ನಂಬಲಿಕ್ಕೇ ಆಗಲಿಲ್ಲ. ಅಂಗಡಿಯವನ ಹತ್ತಿರ ಇನ್ನೂ ಇದೆಯಾ ಅಂತ ಕೇಳಿ ಗಲ್ಲಾ ಪೆಟ್ಟಿಗೆ ಹುಡುಕಿಸಿದೆ. ಒಟ್ಟು ನಾಲ್ಕು ಸಿಕ್ಕವು. ಒಂದನ್ನು ಅವ್ವ ದೇವರ ಜಗಲಿಯ ಮೇಲೆ ಇಟ್ಟಳು, ಇವತ್ತಿಗೂ ಅಲ್ಲೇ ಇದೆ.

ನೂರು ರೂಪಾಯಿಯದ್ದು ಬೆಳ್ಳಿ ಬೆರೆತದ್ದು. ಅದು ಚಿಲ್ಲರೆಯಲ್ಲಿ ಬರುವಂಥದ್ದಲ್ಲ, ಸೆಟ್ ಆಗಿಯೇ ಕೊಳ್ಳಬೇಕು. ಬಹಳ ವರ್ಷ ದುಡ್ಡು ಕೂಡಿಸಿ ತಗೊಂಡೆ. ಒಂದು ಕೊರಗು ಮಾತ್ರ ಉಳಿದಿದೆ. ಕನ್ನಡದಲ್ಲಿ ವಚನ ಹೇಳಿದವರ ನಾಣ್ಯದ ಮೇಲೆ ಕನ್ನಡ ಅಕ್ಷರ ಇಲ್ಲ, ಹಿಂದಿ ಮತ್ತು ಇಂಗ್ಲಿಷ್ ಅಷ್ಟೇ. ನಮ್ಮಂತೆ ಗಡಿಯಾಚೆ ಇರುವವರಿಗೆ ಅದು ಜಾಸ್ತಿ ನೋವಾಗುತ್ತದೆ.

ನೀರ್ಚಾಲು ಮಾಷ್ಟ್ರು
ಆ ಕೊರಗು ನನಗೂ ಇದೆ. ಅದೇ 2006ರಲ್ಲಿ ನಾರಾಯಣ ಗುರುಗಳ ನಾಣ್ಯವೂ ಬಂತು, ಅದೂ 5 ಮತ್ತು 100. ಮಂಗಳೂರಿನ ಕುದ್ರೋಳಿ ಗೋಕರ್ಣನಾಥನನ್ನು 1912ರಲ್ಲಿ ಪ್ರತಿಷ್ಠೆ ಮಾಡಿದವರು ಅವರೇ. ಈ ಎರಡು ನಾಣ್ಯಗಳನ್ನು ನಾನು ಒಂದೇ ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಇಟ್ಟಿದ್ದೇನೆ. ನಮ್ಮ ಊರಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಮಾತಾಡುವ ಮಕ್ಕಳಿಗೆ ಪಾಠ ಮಾಡಿದವನು ನಾನು. ಶಾಲೆಗೆ ಕೊಂಡುಹೋದಾಗ ಎರಡನ್ನೂ ಒಟ್ಟಿಗೇ ತೋರಿಸುತ್ತಿದ್ದೆ. 2009ರಲ್ಲಿ ಕೇರಳದ ಸಂತ ಅಲ್ಫೋನ್ಸಾ ಅವರ ನಾಣ್ಯ ಬಂದ ಮೇಲೆ ಅದನ್ನೂ ಸೇರಿಸಿದೆ.

ಉಪ್ಪಳ ಗಾಳಿ
ನಾನು ಸಂಗ್ರಹ ಮಾಡುವವನಲ್ಲ, ವ್ಯಾಪಾರದವನು. ನೇರವಾಗಿ ಕೇಳುತ್ತೇನೆ. ಬೆಳ್ಳಿಗೆ ಈಗ ಒಳ್ಳೆ ಬೆಲೆ ಇದೆ. ಮೂರು ನಾಣ್ಯ ಅಂದರೆ 36 ಗ್ರಾಂ ಶುದ್ಧ ಬೆಳ್ಳಿ. ಮಾಡು ರಿಪೇರಿಗೆ ದುಡ್ಡು ಬೇಕಿರುವಾಗ ಕೊಟ್ಟು ಬಿಡುವುದರಲ್ಲಿ ತಪ್ಪೇನು? ಸುಮ್ನೆ ಪೆಟ್ಟಿಗೆಯಲ್ಲಿಟ್ಟರೆ ಯಾರಿಗೆ ಲಾಭ?

ಕುಂಬಳೆ ಬೆಳ್ಳಿ ಕೆಲಸ
ಉಪ್ಪಳದವರೇ, ಕೇಳಿದ್ದು ನ್ಯಾಯವೇ. ಅವರಿಗೆ ಮಾರಬೇಕು ಅಂತಿದ್ದರೆ ಮಾರಲಿ. ಆದರೆ ಬೆಳ್ಳಿಯ ತೂಕಕ್ಕೆ ಕೊಡಬಾರದು. ಚೆನ್ನಾಗಿರುವ ಗಾಂಧಿ ಹತ್ತು ರೂಪಾಯಿಗೆ ಸಂಗ್ರಹಕಾರರು ಬೆಳ್ಳಿಯ ಬೆಲೆಯ ಮೇಲೆ ಕೊಡುತ್ತಾರೆ. ಬೆಳ್ಳಿ ಅಂಗಡಿಗೆ ಹೋದರೆ 80 ಭಾಗದ ಲೆಕ್ಕ ಹಾಕಿ, ಕರಗಿಸುವ ನಷ್ಟ ಹಿಡಿದು, ಅದಕ್ಕಿಂತಲೂ ಕೆಳಗೆ ಹೇಳುತ್ತಾರೆ. ಮತ್ತೆ, ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಅಂಗಡಿಗೆ ತಂದರೆ ನಾವು ಒಲೆಗೆ ಹಾಕುವುದಿಲ್ಲ, ಹೇಳಿ ವಾಪಸ್ ಕಳುಹಿಸುತ್ತೇವೆ.

ನೀರ್ಚಾಲು ಮಾಷ್ಟ್ರು
ಬೆಳ್ಳಿಯ ಲೆಕ್ಕ ಬಂದದ್ದು ಒಳ್ಳೆಯದಾಯಿತು. ನಾನು ಮಕ್ಕಳಿಗೆ ಹೇಳುತ್ತಿದ್ದ ಒಂದು ಲೆಕ್ಕ ಇದೆ.

1969ರ ಗಾಂಧಿ ಹತ್ತು ರೂಪಾಯಿಯಲ್ಲಿ 12 ಗ್ರಾಂ ಬೆಳ್ಳಿ. 1970ರಲ್ಲಿ ಎಲ್ಲರಿಗೂ ಅನ್ನ ಅನ್ನುವ ಮಾತಿನ ಹತ್ತು ರೂಪಾಯಿ ಬಂತು, ಅದೂ ಅಷ್ಟೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1968ರಿಂದ ದೇಶದೇಶಗಳಿಂದ ಇಂಥ ನಾಣ್ಯ ಮಾಡಿಸುತ್ತಿತ್ತು. 1972ರಲ್ಲಿ ಸ್ವಾತಂತ್ರ್ಯಕ್ಕೆ 25 ವರ್ಷ ಆಯಿತು. ಆಗ ಬಂದ ಹತ್ತು ರೂಪಾಯಿ ದೊಡ್ಡದು, 39 ಮಿಲಿಮೀಟರ್ ಅಗಲ, 22.5 ಗ್ರಾಂ ತೂಕ. ಕೈಗೆ ತಗೊಂಡರೆ ಗಾಂಧಿ ನಾಣ್ಯಕ್ಕಿಂತ ಎಷ್ಟೋ ಭಾರ. ಆದರೆ ಬೆಳ್ಳಿ 50 ಭಾಗಕ್ಕೆ ಇಳಿದಿತ್ತು. ಅಂದರೆ 11.25 ಗ್ರಾಂ. ನಾಣ್ಯ ದೊಡ್ಡದಾಯಿತು, ಬೆಳ್ಳಿ ಕಡಿಮೆಯಾಯಿತು.

1973ರಲ್ಲಿ ಹೆಚ್ಚು ಬೆಳೆ ಬೆಳೆಯಿರಿ ಅನ್ನುವ ನಾಣ್ಯ, 20 ರೂಪಾಯಿಯದ್ದು 30 ಗ್ರಾಂ, ಅದರಲ್ಲಿ 15 ಗ್ರಾಂ ಬೆಳ್ಳಿ. 1974ರಿಂದ ಹತ್ತು ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ತಾಮ್ರ ನಿಕ್ಕಲ್. ಬೆಳ್ಳಿ 50 ರೂಪಾಯಿಗೆ ಏರಿತು. 1980ಕ್ಕೆ 100 ರೂಪಾಯಿ ಬಂತು, 35 ಗ್ರಾಂ, ಅದರಲ್ಲಿ 17.5 ಗ್ರಾಂ ಬೆಳ್ಳಿ. ಹನ್ನೊಂದು ವರ್ಷದಲ್ಲಿ ಮುಖಬೆಲೆ ಹತ್ತು ಪಟ್ಟು ಆಯಿತು, ಒಳಗಿನ ಬೆಳ್ಳಿ ಒಂದೂವರೆ ಪಟ್ಟೂ ಪೂರ್ತಿ ಆಗಲಿಲ್ಲ. ಬೆಲೆಯೇರಿಕೆ ಅಂದರೆ ಏನು ಅಂತ ಏಳನೇ ಕ್ಲಾಸಿನ ಮಕ್ಕಳಿಗೆ ಈ ನಾಲ್ಕು ನಾಣ್ಯ ಮೇಜಿನ ಮೇಲೆ ಸಾಲಾಗಿ ಇಟ್ಟು ಹೇಳಿದ್ದೇನೆ. ಕೈಯಲ್ಲಿ ತೂಗಿ ನೋಡಿದ ಮೇಲೆ ಅವರು ಮರೆಯುವುದಿಲ್ಲ.

ಹೊಸೂರು ಸೀಮೆ
ಈ ಚರ್ಚೆ ಓದಿ ರಾತ್ರಿ ನಿದ್ದೆ ಬಂದಿಲ್ಲ, ಎದ್ದು ಆಲ್ಬಮ್ ತೆಗೆದು ಕೂತೆ. ನಾನು ಹೊಸೂರಿನವನು, ಕೃಷ್ಣಗಿರಿ ಜಿಲ್ಲೆ. ಹೊಸ ನಾಣ್ಯಗಳ ಬಗ್ಗೆ ಒಂದಿಷ್ಟು ಹೇಳುತ್ತೇನೆ.

ಮಾಷ್ಟ್ರು 1940ರ ನಾಲ್ಕು ಲೋಹದ ಬೆರಕೆ ಹೇಳಿದರಲ್ಲ, 50, 40, 5, 5. ಈಚಿನ ವರ್ಷಗಳ 35 ಗ್ರಾಮಿನ ಸ್ಮರಣಾರ್ಥ ನಾಣ್ಯಗಳಲ್ಲೂ ಹೆಚ್ಚಿನವು ಅದೇ ಬೆರಕೆಯವು. 2023ರ ಮೇ 28ರಂದು ಹೊಸ ಸಂಸತ್ ಭವನಕ್ಕೆ 75 ರೂಪಾಯಿ ನಾಣ್ಯ ಬಂತು, ಅದೂ ಹಾಗೇ, 44 ಮಿಲಿಮೀಟರ್. 1940ರ ಆರನೇ ಜಾರ್ಜಿನ ರೂಪಾಯಿಯ ಬೆರಕೆ 2023ರಲ್ಲೂ ನಡೀತಿತ್ತು.

ಆದರೆ ಒಂದು ಬೇರೆ ಇದೆ. ತಂಜಾವೂರಿನ ಬೃಹದೀಶ್ವರ ಗುಡಿಗೆ ಸಾವಿರ ವರ್ಷ ಆದಾಗ 1000 ರೂಪಾಯಿ ನಾಣ್ಯ ಮಾಡಿದರು. ನಮ್ಮ ದೇಶದ ಮೊದಲ ಸಾವಿರ ರೂಪಾಯಿ ನಾಣ್ಯ. ಅದರಲ್ಲಿ 80 ಭಾಗ ಬೆಳ್ಳಿ, 20 ತಾಮ್ರ. ಗಾಂಧಿ ನಾಣ್ಯದ್ದೇ ಪ್ರಮಾಣ. ನನ್ನ ಹತ್ತಿರ ಇರುವುದರಲ್ಲಿ ಅದೇ ನನಗೆ ತುಂಬ ಪ್ರೀತಿಯದ್ದು. ಗೋಪುರ ನೋಡಲು ತಂಜಾವೂರಿಗೆ ಹೋದಾಗ ಜೇಬಿನಲ್ಲಿ ಕೊಂಡುಹೋಗಿ, ಗೋಪುರದ ಎದುರು ನಿಂತು ಹಿಡಿದು ನೋಡಿದ್ದೇನೆ.

ಹೊಸದಾಗಿ ಶುರು ಮಾಡುವವರಿಗೆ: ಈ ದೊಡ್ಡ ಬೆಲೆಯ ನಾಣ್ಯಗಳು ಚಲಾವಣೆಗೆ ಬರುವುದಿಲ್ಲ. ಸರಕಾರದ ಟಂಕಸಾಲೆಗಳೇ ಬುಕಿಂಗ್ ತೆರೆಯುತ್ತವೆ, ಅಂಚೆಯಲ್ಲಿ ಮನೆಗೆ ಬರುತ್ತದೆ. ಪ್ರೂಫ್ ಬೇಕಾ, ಸಾಮಾನ್ಯದ್ದು ಬೇಕಾ ಅಂತ ಆರಿಸಬಹುದು. ಬೆಲೆ ಮುಖಬೆಲೆಗಿಂತ ತುಂಬ ಜಾಸ್ತಿ. ಬುಕಿಂಗ್ ತಪ್ಪಿಸಿಕೊಂಡರೆ ಮತ್ತೆ ವ್ಯಾಪಾರಿಗಳ ಹತ್ತಿರ ಹೋಗಬೇಕು. ಪೆಟ್ಟಿಗೆ, ಒಳಗಿನ ಕಾಗದ, ಬಿಲ್ಲು ಎಲ್ಲವನ್ನೂ ನಾಣ್ಯದ ಜೊತೆಗೇ ಇಡಿ.

ಮಂಜೇಶ್ವರ ಅಕ್ಕ
ಪೆರ್ಲದ ತಮ್ಮನಿಗೆ ಒಂದು ಮಾತು ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ. ಫೋಟೋ ಹಾಕುವಾಗ ಫೋನ್ ನಂಬರ್ ಹಾಕಬೇಡ.

ನಾನು ಮೂರು ವರ್ಷದ ಹಿಂದೆ ಅತ್ತೆಯ ಹತ್ತಿರ ಇದ್ದ ಒಂದು ಹಳೇ ನಾಣ್ಯದ ಫೋಟೋ ಹಾಕಿದ್ದೆ. ಮರುದಿನವೇ ಕರೆ ಬಂತು. ಚೆನ್ನಾಗಿ ಮಾತಾಡಿದರು, ನಾಲ್ಕು ಲಕ್ಷ ಕೊಡುತ್ತೇವೆ ಅಂದರು. ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಕಾಗದ ಕಳುಹಿಸಿದರು. ಮೊದಲು ನೋಂದಣಿಗೆ ಅಂತ 1,500 ಕೇಳಿದರು, ಕೊಟ್ಟೆ. ಮತ್ತೆ ತೆರಿಗೆ ಅಂತ 6,000. ಅದೂ ಕೊಟ್ಟೆ. ಮೂರನೇ ಸಲ ಕೇಳಿದಾಗ ಮಗಳಿಗೆ ಹೇಳಿದೆ. ಅವಳು ಫೋನ್ ಕಿತ್ತುಕೊಂಡಳು. ಆಗಲೇ ಗೊತ್ತಾದದ್ದು, 2021ರ ಆಗಸ್ಟಿನಲ್ಲೇ ರಿಸರ್ವ್ ಬ್ಯಾಂಕ್ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು ಅಂತ. ಹಳೇ ನೋಟು, ನಾಣ್ಯ ಕೊಳ್ಳುವ ಮಾರುವ ವ್ಯವಹಾರ ತಾವು ಮಾಡುವುದಿಲ್ಲ, ಅದಕ್ಕೆ ಕಮಿಷನ್, ಶುಲ್ಕ ಕೇಳುವ ಅಧಿಕಾರ ಯಾರಿಗೂ ಕೊಟ್ಟಿಲ್ಲ ಅಂತ ಅವರು ಸ್ಪಷ್ಟವಾಗಿ ಹೇಳಿದ್ದಾರೆ.

ಕೊಳ್ಳುವವನು ನಮಗೆ ದುಡ್ಡು ಕೊಡಬೇಕು ಅಲ್ವಾ? ನಮ್ಮಿಂದಲೇ ಮೊದಲು ಕೇಳಿದರೆ ಫೋನ್ ಇಟ್ಟು ಬಿಡಿ.

ಪೆರ್ಲದವನು
ಅಕ್ಕ, ಹೇಳಿದ್ದು ಒಳ್ಳೆಯದಾಯಿತು. ಈಗಾಗಲೇ ಒಂದು ಮೆಸೇಜ್ ಬಂದಿತ್ತು. ಅಳಿಸಿದೆ.

ಬದಿಯಡ್ಕದಿಂದ ಭಾವನ ತಕ್ಕಡಿ ತಂದೆ. ಕುಂಬಳೆ ಅಕ್ಕ ಹೇಳಿದ ಹಾಗೇ ನೂಲು ಕಟ್ಟಿ ಮಾಡಿದೆ. ನೂಲು ಜಾರಿ ಎರಡು ಸಲ ಲೋಟದ ಅಡಿಗೆ ತಾಗಿತು, ಮೂರನೇ ಸಲಕ್ಕೆ ಸರಿಯಾಯಿತು. ಮೇಲಿನದ್ದು 15.01 ಗ್ರಾಂ, ನೀರಿನಲ್ಲಿ 1.48. ನಡುವಿನದ್ದು 14.99, ನೀರಿನಲ್ಲಿ 1.48. ಅಡಿಯದ್ದು 14.98, ನೀರಿನಲ್ಲಿ 1.47. ಮೂರೂ ಬೆಳ್ಳಿ! ಅಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಇನ್ನು ಹುಣಸೆಹುಳಿಯ ಮಾತಿಲ್ಲ.

ಕಿಟಕಿಯ ಹತ್ತಿರ ನಡುವಿನ ನಾಣ್ಯ ಹಿಡಿದು ತಿರುಗಿಸಿದೆ. ಹೌದು ಅಕ್ಕ, ಹೊಳಪು ಸುತ್ತುತ್ತದೆ. ಗಾಂಧೀಜಿಯ ತಲೆಯ ಸುತ್ತ ಗಾಳಿ ಆಡಿದ ಹಾಗೆ ಕಾಣುತ್ತದೆ. ಅಪ್ಪನನ್ನು ಕರೆದು ತೋರಿಸಿದೆ. ಅವರು ತುಂಬ ಹೊತ್ತು ಹಿಡಿದುಕೊಂಡೇ ಕೂತರು.

ಪೆರ್ಲದವನು
ಮಾಷ್ಟ್ರೇ, ಸಿಕ್ಕಿತು! ಚೀಟಿಗಳ ನಡುವೆ ಅಜ್ಜನ ಲೆಕ್ಕದ ಪುಸ್ತಕ ಇತ್ತು. ಉದ್ದದ ಪುಸ್ತಕ, ಕೆಂಪು ಬಟ್ಟೆಯ ರಟ್ಟು, ಗೆದ್ದಲು ಒಂದು ಮೂಲೆ ತಿಂದಿದೆ. 1970ರ ಜನವರಿಯ ಪುಟ. ಮೇಲೆ ಅಡಿಕೆ ಕೊಟ್ಟ ಲೆಕ್ಕ, ಕೆಳಗೆ ಸೀಮೆಎಣ್ಣೆ, ಬೆಲ್ಲ, ಕೂಲಿಯವರಿಗೆ ಕೊಟ್ಟದ್ದು. ಅದರ ಕೆಳಗೆ ಒಂದು ಸಾಲು:

ಗಾಂಧಿ ಬೆಳ್ಳಿ ರೂಪಾಯಿ 5ಕ್ಕೆ — 50.00. ಮಕ್ಕಳಿಗೆ.

ಅಜ್ಜನಿಗೆ ಐದು ಮಕ್ಕಳು, ಮೂರು ಗಂಡು, ಎರಡು ಹೆಣ್ಣು. ಮುಖಬೆಲೆಗೇ ತಂದಿದ್ದಾರೆ. ಅದೇ ಪುಟದಲ್ಲಿ ಇಡೀ ವಾರದ ಮನೆಖರ್ಚು 50 ರೂಪಾಯಿಗಿಂತ ಕಡಿಮೆ ಇದೆ. ಅಜ್ಜ ಕೈ ಬಿಗಿ ಮಾಡಿ ಖರ್ಚು ಮಾಡುವವರು. ನಮಗೆ ಜಾತ್ರೆಗೆ ಕೊಡುತ್ತಿದ್ದದ್ದೂ ಎಣಿಸಿ. ಅಂಥವರು ಒಂದು ವಾರದ ಖರ್ಚಿಗಿಂತ ಜಾಸ್ತಿ ಕೊಟ್ಟು ಇದನ್ನು ತಂದಿದ್ದಾರೆ.

ಆದರೆ ಐದು ಅಂತ ಇದೆ, ನಮಗೆ ಸಿಕ್ಕಿದ್ದು ಮೂರು. ಉಳಿದ ಎರಡು ಎಲ್ಲಿ ಹೋಯಿತು ಅಂತ ಅಪ್ಪನಿಗೂ ಗೊತ್ತಿಲ್ಲ.

ನೀರ್ಚಾಲು ಮಾಷ್ಟ್ರು
ಓದಿ ಮೈ ಜುಂ ಅಂತು. ನಾಣ್ಯ ಸಾವಿರಾರು ಮನೆಯಲ್ಲಿ ಇದೆ. ಕೊಂಡ ಕೈಯ ಬರಹ ಎಷ್ಟು ಮನೆಯಲ್ಲಿದೆ? ಆ ಪುಟವನ್ನು ಹರಿಯಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಇಡೀ ಪುಸ್ತಕವನ್ನು ಹಾಗೆಯೇ ಇಡಿ. ಗೆದ್ದಲು ತಿಂದ ಮೂಲೆಯನ್ನು ಮೆತ್ತಗಿನ ಬ್ರಷ್‌ನಿಂದ ಗುಡಿಸಿ, ನೆರಳಿನಲ್ಲಿ ಒಣಗಿಸಿ. ಪುಟದ ಫೋಟೋ ತೆಗೆದು ಎರಡು ಕಡೆ ಇಟ್ಟುಕೊಳ್ಳಿ.

ಮುಂದಿನ ಪುಟಗಳನ್ನು ಒಂದೊಂದಾಗಿ ನೋಡಿ. ಅಷ್ಟು ಬರೆದಿಡುವವರು ಹೋದ ಎರಡನ್ನೂ ಬರೆದೇ ಇರುತ್ತಾರೆ.

ಕುಂಬಳೆ ಬೆಳ್ಳಿ ಕೆಲಸ
1980ರ ಪುಟ ನೋಡಿ ತಮ್ಮ. ನನಗೆ ಅನುಮಾನ ಅದರ ಮೇಲೆಯೇ. ಆ ವರ್ಷದ ಜನವರಿಯಲ್ಲಿ ಜಗತ್ತಿನಲ್ಲೇ ಬೆಳ್ಳಿಯ ಬೆಲೆ ಹುಚ್ಚು ಹಿಡಿದ ಹಾಗೆ ಏರಿತ್ತು. ಅಮೆರಿಕದ ಟೆಕ್ಸಾಸಿನ ಹಂಟ್ ಸಹೋದರರು ಬೆಳ್ಳಿಯನ್ನು ಗುಡ್ಡೆ ಹಾಕಿಕೊಂಡಿದ್ದರು. ಮಾರ್ಚಿನಲ್ಲಿ ಬೆಲೆ ಬಿದ್ದು ಹೋಯಿತು. ಆ ಸಮಯದಲ್ಲಿ ಮನೆಮನೆಯಿಂದ ಬೆಳ್ಳಿ ಹೊರಗೆ ಬಂತು ಅಂತ ಅಪ್ಪ ಹೇಳುತ್ತಿದ್ದರು. ರಾಣಿ ರೂಪಾಯಿ, ಗಾಂಧಿ ರೂಪಾಯಿ, ಹರಿವಾಣ, ಎಲ್ಲ. ಬೆಳ್ಳಿ ಕೊಳ್ಳಲು ಕೈಲಾಗದವರು ಮನೆಯಲ್ಲಿದ್ದದ್ದನ್ನೇ ತಂದು ಮದುವೆಗೆ ಒಡವೆ ಮಾಡಿಸುತ್ತಿದ್ದರಂತೆ.

ಮತ್ತೆ, ನಾಣ್ಯಗಳನ್ನು ಇಡುವ ವಿಷಯ. ನಾಣ್ಯಕ್ಕೆ ಅಂತಲೇ ಬರುವ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್, 34 ಮಿಲಿಮೀಟರಿನದ್ದು ತರಿಸಿ. ಪಿವಿಸಿಯ ಮೆತ್ತಗಿನ ಕವರ್ ಬೇಡ, ಕೆಲವು ವರ್ಷಕ್ಕೆ ಹಸಿರು ಜಿಡ್ಡು ಬಿಡುತ್ತದೆ. ನಮ್ಮ ಮಳೆಗಾಲ ಗೊತ್ತಲ್ಲ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೂನ್‌ಗೆ ಒಮ್ಮೆ ಬದಲಿಸಿ. ಪೇಪರ್ ಸುತ್ತಬೇಡಿ. ರಬ್ಬರ್ ಬ್ಯಾಂಡ್ ಮಾತ್ರ ಆ ಡಬ್ಬಿಯ ಹತ್ತಿರವೂ ಬೇಡ.

ಪೆರ್ಲದವನು
ಅಕ್ಕ, ನೀವು ಹೇಳಿದ್ದು ನಿಜವಾಯಿತು. 1980, ಏಪ್ರಿಲ್:

ಸಣ್ಣವಳ ಗೆಜ್ಜೆಗೆ ಗಾಂಧಿ 2 ಕೊಟ್ಟದ್ದು. ಮೇಲೆ ಬೆಳ್ಳಿ ಸೇರಿಸಿದ್ದಕ್ಕೆ ಮತ್ತು ಕೂಲಿಗೆ ಅಂತ ಒಂದು ಮೊತ್ತ, ಅದರ ಮೇಲೆ ಶಾಯಿ ಹರಡಿದೆ.

ಸಣ್ಣವಳು ಅಂದರೆ ನನ್ನ ಸಣ್ಣ ಅತ್ತೆ. ಆ ಮೇ ತಿಂಗಳಲ್ಲಿ ಅವರ ಮದುವೆ ಆದದ್ದು. ಈಗ ವಿಟ್ಲದಲ್ಲಿದ್ದಾರೆ. ಕೂಡಲೇ ಫೋನ್ ಮಾಡಿದೆ. ಅವರಿಗೆ ಇದು ಗೊತ್ತೇ ಇರಲಿಲ್ಲ. ಗೆಜ್ಜೆ ಎಲ್ಲಿದೆ ಅತ್ತೆ ಅಂದರೆ, ಕಪಾಟಿನಲ್ಲೇ ಇದೆ ಮಗಾ, ಗೆಜ್ಜೆಯ ಕೊಂಡಿ ತುಂಡಾಗಿದೆ, ಹೊಸ ಮಾದರಿಗೆ ಬದಲಿಸಬೇಕು ಅಂತ ಹೋದ ತಿಂಗಳು ತೆಗೆದಿಟ್ಟಿದ್ದೆ ಅಂದರು. ಮತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಬದಲಿಸುವುದಿಲ್ಲ, ಕೊಂಡಿ ಮಾತ್ರ ಹಾಕಿಸುತ್ತೇನೆ ಅಂದರು.

ಆದಿತ್ಯವಾರ ಅತ್ತೆ ಬರುತ್ತಾರೆ. ದೊಡ್ಡತ್ತೆಯನ್ನೂ ಕರೆತರುತ್ತಾರೆ, ಚಿಕ್ಕಪ್ಪಂದಿರಿಗೂ ಹೇಳಿದ್ದೇವೆ. ಮೂರು ನಾಣ್ಯ, ಆ ಜೋಡಿ ಗೆಜ್ಜೆ, ಲೆಕ್ಕದ ಪುಸ್ತಕದ ಎರಡು ಪುಟ, ಎಲ್ಲ ಒಂದೇ ಫೋಟೋದಲ್ಲಿ ತೆಗೆಯಬೇಕು ಅಂತ ಇದೆ. ಕಪ್ಪು ಪಟ್ಟಿ ಹಾಗೇ ಇರಲಿ ಅಂತ ಅಪ್ಪ ಹೇಳಿದರು, ಆ ರಬ್ಬರ್ ಬ್ಯಾಂಡ್ ಹಾಕಿದ್ದು ಅಜ್ಜನೇ ಅಲ್ಲವಾ ಅಂತ.

ಕುಂಬಳೆ ಅಕ್ಕ, ಆ ಕೊಂಡಿಯ ಕೆಲಸ ನಿಮ್ಮಲ್ಲಿಗೇ ತರಬಹುದಾ? ಸೋಮವಾರ ಅಂಗಡಿ ತೆರೆದಿರುತ್ತದಾ?

ಕುಂಬಳೆ ಬೆಳ್ಳಿ ಕೆಲಸ
ತೆರೆದಿರುತ್ತದೆ. ಹತ್ತು ಗಂಟೆಗೆ ಬನ್ನಿ, ಅತ್ತೆಯನ್ನೂ ಕರೆದುಕೊಂಡು ಬನ್ನಿ. ಕೊಂಡಿಗೆ ಕೂಲಿ ಬೇಡ.